ಜರ್ಮನಿಯ ತೊಟ್ಟಿಲು, ವಾಶಿಯ ಮಾವು

ತಂಗಿ ಇಂಗ್ಲೆಂಡಿನ ಲೆಸ್ಟರಿನಿಂದ ವಾಟ್ಸಾಪಲ್ಲಿ ಒಂದು ಫೋಟೋ ಕಳಿಸಿದ್ದಳು. ಮೊಸರಿನ ಡಬ್ಬ. ಅದರ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ನಾಟ್ ಫಾರ್ ಇಯು’ ಅಂತ ಅಚ್ಚು. ‘ಅಣ್ಣ, ಇದೆಂತದು? ಯುರೋಪಿನವರಿಗೆ ಆಗದ ಮೊಸರು ನಮಗೆ ಆಗ್ತದಾ?’ ಅಂತ ಕೇಳಿದ್ದಳು. ಹಿಂದೆಯೇ ಇನ್ನೊಂದು ಮೆಸೇಜ್: ‘ಮಗಳಿಗೆ ಮೊಸರನ್ನ ಕಲಸಿ ಆಯ್ತು.’

ನನ್ನನ್ನೇ ಕೇಳಿದ್ದಕ್ಕೆ ಕಾರಣ ಇದೆ. ನಾನು ನವಿ ಮುಂಬೈಯ ವಾಶಿಯಲ್ಲಿ ಎಕ್ಸ್‌ಪೋರ್ಟ್ ಪೇಪರ್ ಮಾಡುವವನು. ಹಣ್ಣು, ತರಕಾರಿ, ಸ್ವಲ್ಪ ಎಳ್ಳು, ಜೀರಿಗೆ. ಮಾಲು ಕೊಳ್ಳುವವರು ಒಬ್ಬರು, ಪೆಟ್ಟಿಗೆ ಕಟ್ಟುವವರು ಇನ್ನೊಬ್ಬರು, ವಿಮಾನಕ್ಕೆ ಹತ್ತಿಸುವವರು ಮತ್ತೊಬ್ಬರು. ಆ ಪೆಟ್ಟಿಗೆಯ ಜೊತೆ ಹೋಗುವ ಕಾಗದ ಮಾತ್ರ ನನ್ನದು. ಶಿಪ್ಪಿಂಗ್ ಬಿಲ್, ಇನ್ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಫೈಟೋ. ಫೈಟೋ ಅಂದರೆ ಈ ಹಣ್ಣಲ್ಲಿ ಹುಳ ಇಲ್ಲ ಅಂತ ಸರ್ಕಾರ ಕೊಡುವ ಸರ್ಟಿಫಿಕೇಟು. ಡೊಂಬಿವಲಿಯಿಂದ ಬೆಳಿಗ್ಗೆ ಹೊರಟು ಠಾಣೆಯಲ್ಲಿ ಗಾಡಿ ಬದಲಿಸಿ ವಾಶಿ ಮುಟ್ಟುವಷ್ಟರಲ್ಲಿ ಲಂಡನ್ನಿನಿಂದಲೋ ಆಂಸ್ಟರ್‌ಡ್ಯಾಮಿನಿಂದಲೋ ಒಂದಾದರೂ ತಕರಾರಿನ ಮೇಲ್ ಬಂದೇ ಇರುತ್ತದೆ. ಇಪ್ಪತ್ತು ವರ್ಷದಿಂದ ಇದೇ. ಹಾಗಾಗಿ ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟು ಹೋದದ್ದು ನನಗೆ ರಾಜಕೀಯದ ಸುದ್ದಿ ಆಗಿರಲಿಲ್ಲ. ಕಾಗದದ ಸುದ್ದಿ.

ಮೊಸರಿಗೆ ಏನೂ ಆಗಿಲ್ಲ ಅಂತ ಅವಳಿಗೆ ಹೇಳಿದೆ. ಬ್ರಿಟನ್ ಹೊರಗೆ ಬಂದರೂ ಉತ್ತರ ಐರ್ಲೆಂಡ್ ಮಾತ್ರ ಸರಕಿನ ಮಟ್ಟಿಗೆ ಯುರೋಪಿನ ನಿಯಮದಲ್ಲೇ ಉಳಿಯಿತು. ಅದಕ್ಕೂ ಯುರೋಪಿನ ಒಕ್ಕೂಟದಲ್ಲೇ ಇರುವ ಪಕ್ಕದ ಐರ್ಲೆಂಡ್ ದೇಶಕ್ಕೂ ನಡುವೆ ಗೇಟು ಹಾಕುವ ಹಾಗಿಲ್ಲ, ಹಾಕಿದರೆ ಅಲ್ಲಿಯ ಹಳೆಯ ಹಿಂಸಾಚಾರದ ಗಾಯ ಕೆದಕಿದ ಹಾಗೆ. ಅದಕ್ಕೆ 2023ರ ಫೆಬ್ರವರಿಯಲ್ಲಿ ವಿಂಡ್ಸರ್ ಒಪ್ಪಂದ ಮಾಡಿಕೊಂಡರು. ಬ್ರಿಟನ್ನಿನ ಮಾಂಸ, ಹಾಲು, ಮೊಸರು ಉತ್ತರ ಐರ್ಲೆಂಡಿನ ಅಂಗಡಿಗೆ ಸಲೀಸಾಗಿ ಹೋಗಲಿ, ಆದರೆ ಅಲ್ಲಿಂದ ಗಡಿ ದಾಟಿ ಯುರೋಪಿನೊಳಗೆ ನುಸುಳದಿರಲಿ ಅಂತ ಆ ವರ್ಷದ ಅಕ್ಟೋಬರಿನಿಂದ ಈ ಚೀಟಿ ಶುರು. ಉತ್ತರ ಐರ್ಲೆಂಡಿನ ಬೆಲ್ಫಾಸ್ಟಿಗೆ ಒಂದು ಡಬ್ಬ, ಲೆಸ್ಟರಿಗೆ ಇನ್ನೊಂದು ಡಬ್ಬ ಅಂತ ಯಾವ ಕಂಪನಿ ಅಚ್ಚು ಹಾಕಿಸುತ್ತದೆ? ಎಲ್ಲದಕ್ಕೂ ಒಂದೇ ಹೊಡೆಸುತ್ತಾರೆ. ನಿನ್ನ ಮೊಸರಿನ ಮೇಲೆ ಇರುವುದು ಅದೇ ಮಾರಾಯ್ತಿ, ತಿನ್ನು.

‘ಹಾಗಾದ್ರೆ ನನ್ನ ತೊಟ್ಟಿಲಿನ ಕಥೆ ಎಂತ?’ ಅಂದಳು. ಅಸಲು ವಿಷಯ ಅದು. ಮೊಸರು ಬರೀ ಪೀಠಿಕೆ.

ತೊಟ್ಟಿಲು ಅಂದರೆ ನಮ್ಮ ಊರಿನ ಹಗ್ಗದ ತೊಟ್ಟಿಲಲ್ಲ. ಮರದ ಸಣ್ಣ ಮಂಚ, ಸುತ್ತ ಕಟಕಟೆ, ಒಂದು ಬದಿ ಮೇಲೆ ಕೆಳಗೆ ಜಾರುತ್ತದೆ. ಜರ್ಮನಿಯ ಒಂದು ಸಣ್ಣ ಅಂಗಡಿಯಿಂದ ಆನ್‌ಲೈನಲ್ಲಿ ತರಿಸಿದ್ದಳು. ಬೆಲೆ 240 ಪೌಂಡ್. ಬಾಗಿಲಿಗೆ ಬಂದ ಕೊರಿಯರ್‌ನವನು ಇನ್ನೂ 60 ಕೊಡಿ ಅಂದನಂತೆ. 135 ಪೌಂಡ್ ದಾಟಿದ ಪಾರ್ಸಲ್ ಆದರೆ ಶೇ 20 ವ್ಯಾಟ್ ಗಡಿಯಲ್ಲೇ ಹಾಕುತ್ತಾರೆ, ಅದು 48. ಉಳಿದ 12 ಕೊರಿಯರಿನವರ ಹ್ಯಾಂಡ್ಲಿಂಗ್ ಚಾರ್ಜು. ‘ಬೆಲೆಯಲ್ಲಿ ಟ್ಯಾಕ್ಸ್ ಸೇರಿದೆ ಅಂದ್ಕೊಂಡಿದ್ದೆ’ ಅಂದಳು. ಒಳಗಿದ್ದಾಗ ಸೇರಿರುತ್ತಿತ್ತು. ಹೊರಗೆ ಬಂದ ಮೇಲೆ ಜರ್ಮನಿಯ ಅಂಗಡಿಯೂ ಒಂದೇ, ಭಿವಂಡಿಯ ಗೋದಾಮೂ ಒಂದೇ. ಎರಡೂ ಪರದೇಶ.

ಅದನ್ನೂ ಕೊಟ್ಟಳು. ಪೆಟ್ಟಿಗೆ ಬಿಚ್ಚಿ ಭಾವ ಅರ್ಧ ದಿನ ಸ್ಕ್ರೂ ತಿರುವಿ ನಿಲ್ಲಿಸಿದರು. ಮೂರನೇ ವಾರ ಆ ಜಾರುವ ಬದಿ ತಾನಾಗಿ ಕೆಳಗೆ ಬಿತ್ತು. ಪುಣ್ಯಕ್ಕೆ ಮಗು ಒಳಗಿರಲಿಲ್ಲ. ನೋಡಿದರೆ ಬದಿಯನ್ನು ಹಿಡಿದಿಡುವ ಪ್ಲಾಸ್ಟಿಕ್ ಕೊಂಡಿ ಉಗುರಿನಷ್ಟು ಸೀಳಿತ್ತು. ಫೋಟೋ ತೆಗೆದು ಅಂಗಡಿಗೆ ಮೇಲ್ ಮಾಡಿದಳು. ಮೊದಲ ಮೇಲಿಗೆ ‘ಪರಿಶೀಲಿಸುತ್ತೇವೆ’. ಎರಡನೆಯದಕ್ಕೆ ಜರ್ಮನ್ ಭಾಷೆಯಲ್ಲಿ ಏನೋ ಎರಡು ಸಾಲು. ಮೂರನೆಯದಕ್ಕೆ ಏನೂ ಇಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಬ್ರೆಕ್ಸಿಟ್ ಆದರೆ ಗ್ರಾಹಕರ ಹಕ್ಕೆಲ್ಲ ಹೋಯಿತು ಅಂತ ಆಗ ತುಂಬ ಜನ ಬಾಯಿ ಬಡಿದುಕೊಂಡರು. ಹಾಗೇನೂ ಆಗಲಿಲ್ಲ. ಹೊರಬಂದ ಮೇಲೂ ಹಳೆಯ ನಿಯಮವೇ ನಡೆಯುತ್ತಿದ್ದ ಪರಿವರ್ತನೆಯ ಅವಧಿ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಆವತ್ತು ಇದ್ದ ಯುರೋಪಿನ ಕಾನೂನನ್ನೆಲ್ಲ ಹೆಚ್ಚುಕಡಿಮೆ ಹಾಗೇ ಕಾಪಿ ಹೊಡೆದು ಬ್ರಿಟನ್ ತನ್ನ ಕಾನೂನು ಮಾಡಿಕೊಂಡಿತು. ವಿಮಾನ ತಡವಾದರೆ ಕೊಡುವ ಪರಿಹಾರ ನೋಡಿ. ಯುರೋಪಿನಲ್ಲಿ 250, 400, 600 ಯೂರೋ. ಬ್ರಿಟನ್ನಿನಲ್ಲಿ 220, 350, 520 ಪೌಂಡ್. ಅದೇ ಸಾಂಬಾರು, ಪಾತ್ರೆ ಮಾತ್ರ ಬೇರೆ. ಪುಸ್ತಕದಲ್ಲಿ ಇದ್ದ ಹಕ್ಕು ಉಳಿಯಿತು.

ಹೋದದ್ದು ಬೇರೆ. ಗಡಿಯ ಆಚೆ ನಮ್ಮ ಪರವಾಗಿ ಫೋನ್ ಎತ್ತುವವರು ಹೋದರು.

ಯುರೋಪಿನಲ್ಲಿ ಪ್ರತಿ ದೇಶದಲ್ಲೂ ಒಂದು ಯುರೋಪಿಯನ್ ಕನ್ಸ್ಯೂಮರ್ ಸೆಂಟರ್ ಇದೆ. 27 ದೇಶ, ಜೊತೆಗೆ ನಾರ್ವೆ, ಐಸ್‌ಲ್ಯಾಂಡ್. ಸ್ಪೇನಿನವನೊಬ್ಬ ಜರ್ಮನಿಯ ಅಂಗಡಿಯಿಂದ ಮೋಸ ಹೋದ ಅಂದುಕೊಳ್ಳಿ. ಅವನು ಸ್ಪೇನಿನ ಸೆಂಟರಿಗೆ ತನ್ನ ಭಾಷೆಯಲ್ಲಿ ಬರೆಯುತ್ತಾನೆ. ಅವರು ಜರ್ಮನಿಯ ಸೆಂಟರಿಗೆ ಕಳಿಸುತ್ತಾರೆ. ಅಲ್ಲಿಯವರು ಅಂಗಡಿಯವನಿಗೆ ಅವನದೇ ಭಾಷೆಯಲ್ಲಿ, ಅವನದೇ ದೇಶದ ಕಾನೂನು ಹಿಡಿದು ಮಾತಾಡುತ್ತಾರೆ. ದುಡ್ಡು ಕೊಡಬೇಕಿಲ್ಲ. 2020ರವರೆಗೆ ಬ್ರಿಟನ್ನಿಗೂ ಅಂಥ ಸೆಂಟರ್ ಆ ಜಾಲದೊಳಗೆ ಇತ್ತು. ಅದಕ್ಕೂ ಬಗ್ಗದಿದ್ದರೆ 5,000 ಯೂರೋ ಒಳಗಿನ ತಕರಾರಿಗೆ ಗಡಿ ದಾಟಿ ನಡೆಯುವ ಸಣ್ಣ ದಾವೆಯ ದಾರಿಯೂ ಇತ್ತು, ಬರೀ ಫಾರಂ ತುಂಬಿದರೆ ಸಾಕು, ವಕೀಲರೇ ಬೇಕು ಅಂತಿಲ್ಲ. ಅದೂ ಹೋಯಿತು. ಆನ್‌ಲೈನ್ ವ್ಯಾಜ್ಯಕ್ಕೆ ಅಂತ ಯುರೋಪಿನವರು ಒಂದು ವೆಬ್‌ಸೈಟ್ ಇಟ್ಟಿದ್ದರು, ಅದಕ್ಕೂ ಬ್ರಿಟನ್ನಿನವರಿಗೆ ಪ್ರವೇಶ ಇಲ್ಲದಾಯಿತು. ಆದರೆ ಅದಕ್ಕೆ ಅಳಬೇಕಿಲ್ಲ ಬಿಡಿ. ಬಳಸುವವರೇ ಕಡಿಮೆ ಅಂತ 2025ರ ಜುಲೈ 20ಕ್ಕೆ ಯುರೋಪಿನವರೇ ಅದಕ್ಕೆ ಬೀಗ ಹಾಕಿದರು.

ತಂಗಿಗೆ ಇದನ್ನೆಲ್ಲ ಹೇಳಿದಾಗ ಅವಳು ಒಂದೇ ಮಾತು ಕೇಳಿದಳು. ‘ಹಾಗಾದ್ರೆ ನಿನ್ನ ಮಿಕ್ಸಿಗೆ ಹೇಗೆ ದುಡ್ಡು ಬಂತು?’

ಹೌದು, ನನ್ನ ಮಿಕ್ಸಿ. ಕೊಯಮತ್ತೂರಿನ ಒಬ್ಬ ಮಾರಾಟಗಾರನಿಂದ ದೀಪಾವಳಿ ಆಫರಲ್ಲಿ ತರಿಸಿದ್ದು. ಎರಡನೇ ದಿನ ಚಟ್ನಿಗೆ ಹಾಕಿದಾಗ ಮೋಟರಿನಿಂದ ಸುಟ್ಟ ರಬ್ಬರಿನ ವಾಸನೆ, ನಾಲ್ಕನೇ ದಿನ ಜಾರಿನ ಬುಡದಿಂದ ಕಪ್ಪು ನೀರು. ಅವನೂ ಹೀಗೆಯೇ ಮೊದಲು ‘ಸಾರಿ ಸಾರ್’, ಆಮೇಲೆ ಮೌನ. ಹೆಂಡತಿ ಹೇಳಿದ್ದಕ್ಕೆ 1915ಕ್ಕೆ ಫೋನ್ ಮಾಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 17 ಭಾಷೆಯಲ್ಲಿ ಮಾತಾಡುತ್ತಾರೆ, ಕನ್ನಡವೂ ಇದೆ. ಡೊಂಬಿವಲಿಯಲ್ಲಿ ಕೂತು ತಮಿಳುನಾಡಿನವನ ಮೇಲೆ ಕನ್ನಡದಲ್ಲಿ ದೂರು ಕೊಟ್ಟೆ. ಆ ಕಡೆಯ ಹುಡುಗಿ ಬಿಲ್ ನಂಬರು, ದಿನಾಂಕ ಎಲ್ಲ ಕೇಳಿ ಬರೆದುಕೊಂಡಳು. ಮೂರು ವಾರದೊಳಗೆ ದುಡ್ಡು ವಾಪಸ್.

ಸುಮ್ನೆ ಬರಲಿಲ್ಲ ಅದು. ಮಾರಾಟಗಾರನಿಗೆ ಒಂದು ವಿಷಯ ಗೊತ್ತಿತ್ತು. 1986ರ ಹಳೆಯ ಕಾನೂನಿನಲ್ಲಾದರೆ ಅವನ ಅಂಗಡಿ ಎಲ್ಲಿದೆ, ವ್ಯವಹಾರ ಎಲ್ಲಿ ನಡೆಯಿತು ಅನ್ನುವುದರ ಮೇಲೇ ಜಗಳ ಹಚ್ಚಿ ನನ್ನನ್ನು ಸುಸ್ತು ಮಾಡಬಹುದಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈ 20ರಿಂದ ಜಾರಿಗೆ ಬಂದ ಮೇಲೆ ನಾನು ಇರುವ ಜಾಗದಲ್ಲೇ ಕೇಸ್ ಹಾಕಬಹುದು. ಠಾಣೆಯ ಜಿಲ್ಲಾ ಆಯೋಗದಲ್ಲಿ. 5 ಲಕ್ಷದವರೆಗಿನ ಮಾಲಿಗೆ ಫೀಸೂ ಇಲ್ಲ. ಮೂರು ಸಾವಿರದ ಮಿಕ್ಸಿಗೆ ಕೊಯಮತ್ತೂರಿನಿಂದ ಠಾಣೆಗೆ ಓಡಾಡುವ ಬದಲು ದುಡ್ಡು ಬಿಸಾಡಿದರೆ ಅಗ್ಗ ಅಂತ ಅವನಿಗೆ ಅನಿಸಿರಬೇಕು. ಕಾನೂನು ಎರಡೂ ಕಡೆ ಒಂದೇ ಇರುವುದರ ಬಲ ಇದು. ನಾವೂ ಒಂದು ದೊಡ್ಡ ಒಕ್ಕೂಟದ ಒಳಗೇ ಬದುಕುತ್ತಿದ್ದೇವೆ. ಗಡಿಯಲ್ಲಿ ಯಾರೂ ತಡೆಯದ ಕಾರಣ ಅದು ಗೊತ್ತಾಗುವುದಿಲ್ಲ ಅಷ್ಟೆ.

ತಡೆಯುತ್ತಿದ್ದ ಕಾಲ ನನಗೆ ನೆನಪಿದೆ. ಅಪ್ಪ ಮುಲುಂಡಿನ ಒಂದು ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರುತ್ತಿದ್ದರು. ಒಮ್ಮೆ ಹೋಟೆಲಿಗೆ ಇದೇ ಕೊಯಮತ್ತೂರಿನಿಂದ ದೊಡ್ಡ ಹಿಟ್ಟಿನ ಗ್ರೈಂಡರ್ ಬಂತು. ಬಂತು ಅಂದರೆ ಮುಲುಂಡ್ ಜಕಾತ್ ನಾಕಾದವರೆಗೆ ಬಂತು. ಅಲ್ಲಿ ಬಿಲ್ಲಿನಲ್ಲಿ ಬರೆದ ಬೆಲೆ ಕಡಿಮೆ ಅಂತ ಲಾರಿ ನಿಲ್ಲಿಸಿದರು. ಹೋಟೆಲಿನಿಂದ ನಾಕಾ ನಡೆದು ಹೋಗುವಷ್ಟು ದೂರ. ಎರಡು ದಿನ ಗ್ರೈಂಡರ್ ಅಲ್ಲೇ. ಅಪ್ಪ ಸಂಜೆ ಹೋಗಿ ತಾಡಪಾಲು ಎತ್ತಿ ನೋಡಿ ಬರುತ್ತಿದ್ದರು, ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಿ ಬಂದ ಹಾಗೆ. ಆ ಎರಡು ದಿನ ಹೋಟೆಲಿನಲ್ಲಿ ದೋಸೆ ಇಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಮುಂಬೈಯ ಜಕಾತ್ ಹೋದಾಗ ಅಪ್ಪ ಇರಲಿಲ್ಲ. ಇದ್ದಿದ್ದರೆ ನಾಕಾದ ಹತ್ತಿರ ಹೋಗಿ ಒಂದು ಸಲ ನೋಡಿ ಬರುತ್ತಿದ್ದರೇನೋ.

ಒಟ್ಟಾಗಿ ನಿಯಮ ಮಾಡುವುದು ಅಂದರೆ ಬರೀ ಅನುಕೂಲ ಅಂತ ತಿಳಿಯಬೇಡಿ. ಅದರ ಏಟು ತಿಂದವನು ನಾನು.

2014ರ ಮೇ 1. ಹಾಪುಸ್ ಮಾವಿನ ಸೀಸನ್ನಿನ ನಡುಮಧ್ಯ. ವಾಶಿ ಮಾರ್ಕೆಟ್ಟಿಗೆ ದೇವಗಡ, ರತ್ನಾಗಿರಿಯಿಂದ ಪೆಟ್ಟಿಗೆ ಮೇಲೆ ಪೆಟ್ಟಿಗೆ ಬಂದು ಬೀಳುತ್ತಿದ್ದ ದಿನಗಳು. ಅವತ್ತಿನಿಂದ ಯುರೋಪ್ ನಮ್ಮ ಮಾವನ್ನು ನಿಲ್ಲಿಸಿತು. ಮಾವಿನ ಜೊತೆ ಬದನೆ, ಕೆಸು, ಹಾಗಲ, ಪಡುವಲ. ಹಿಂದಿನ ವರ್ಷ ಹೋದ ಹಣ್ಣು ತರಕಾರಿಯಲ್ಲಿ 207 ಕನ್ಸೈನ್‌ಮೆಂಟಿನಲ್ಲಿ ಹಣ್ಣಿನ ನೊಣದಂಥ ಕೀಟ ಸಿಕ್ಕಿತ್ತು ಅಂತ ಕಾರಣ. ಸುಳ್ಳೇನಲ್ಲ, ನಮ್ಮವರ ಪ್ಯಾಕಿಂಗ್ ಆಗ ಅಷ್ಟಕ್ಕಷ್ಟೇ ಇತ್ತು. ಆದರೆ ನೋಡಿ, ಯುರೋಪಿನಲ್ಲಿ ಈ ಹಣ್ಣು ತಿನ್ನುವವರು ಯಾರು? ಬಹುಪಾಲು ಬ್ರಿಟನ್. ವರ್ಷಕ್ಕೆ 1.6 ಕೋಟಿ ಹಣ್ಣು ಅಲ್ಲಿಗೆ ಹೋಗುತ್ತಿತ್ತು ಅಂತ ಆಗ ಪತ್ರಿಕೆಗಳು ಬರೆದವು. ಹಾಪುಸ್ ಮೂಸಿ ನೋಡದ ದೇಶಗಳೂ ಸೇರಿ 28 ದೇಶಕ್ಕೆ ಒಂದೇ ನಿಯಮ. ಲೆಸ್ಟರಿನ ಆಗಿನ ಸಂಸದ ಕೀತ್ ವಾಜ್, ಇವರ ಮೂಲ ನಮ್ಮ ಪಕ್ಕದ ಗೋವಾ, ಒಕ್ಕೂಟದ ಕಚೇರಿ ಇರುವ ಬ್ರಸೆಲ್ಸಿಗೆ ಪತ್ರ ಬರೆದು ಗಲಾಟೆ ಮಾಡಿದರು. ಬ್ರಿಟನ್ನಿನದೇ ಪರಿಸರ ಇಲಾಖೆ ಮಾತ್ರ ನಿಷೇಧ ಸರಿ ಅಂತಿತ್ತು, ಅವರಿಗೆ ತಮ್ಮ ಟೊಮೆಟೊ, ಸೌತೆಕಾಯಿಯ ಚಿಂತೆ.

ನಮ್ಮ ಪಾರ್ಟಿಯ, ಅಂದರೆ ಹಣ್ಣು ಕಳಿಸುವ ವ್ಯಾಪಾರಿಯ ಮಾಲು ಆ ವಾರ ಪೂರ್ತಿ ಲಂಡನ್ನಿಗೆ ಬುಕ್ ಆಗಿತ್ತು. ಎಲ್ಲ ವಾಪಸ್ ಮಾರ್ಕೆಟ್ಟಿಗೆ. ಆಫೀಸಿನ ಒಬ್ಬೊಬ್ಬರ ಕೈಗೆ ಎರಡೆರಡು ಡಜನ್ ಪೆಟ್ಟಿಗೆ ಕೊಟ್ಟು ಕಳಿಸಿದರು. ಲೋಕಲ್ ಟ್ರೇನಿನಲ್ಲಿ ಆ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಬಂದದ್ದು, ಡಬ್ಬಿ ಪೂರ್ತಿ ಘಮಘಮ, ಪಕ್ಕದವರೆಲ್ಲ ‘ಕ್ಯಾ ಭಾವ್?’ ಅಂತ ಕೇಳಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಕ್ಸ್‌ಪೋರ್ಟ್ ಕ್ವಾಲಿಟಿ ಹಣ್ಣನ್ನು ಅಮ್ಮ ಸಾಸಿವೆ ಮಾಡಿದರು. ಹಣ್ಣು ರುಚಿಯಾಗಿತ್ತು, ಸಂಬಳ ಆ ತಿಂಗಳು ತಡವಾಯಿತು.

2015ರ ಜನವರಿಯಲ್ಲಿ ನಿಷೇಧ ತೆಗೆಯಲು ಒಪ್ಪಿದರು. ಆದರೆ ಪದ್ಧತಿ ಬದಲಾಯಿತು. ಹಣ್ಣನ್ನು 48 ಡಿಗ್ರಿ ಬಿಸಿನೀರಿನಲ್ಲಿ 60 ನಿಮಿಷ ಮುಳುಗಿಸಬೇಕು. ಜಾಸ್ತಿ ಹೊತ್ತಾದರೆ ಹಣ್ಣು ಬೆಂದು ಹೋಗುತ್ತದೆ, ಕಡಿಮೆಯಾದರೆ ಒಳಗಿನ ಮೊಟ್ಟೆ ಉಳಿಯುತ್ತದೆ. ಆ ತೊಟ್ಟಿಯ ಪಕ್ಕ ನಿಂತು ಥರ್ಮಾಮೀಟರ್ ನೋಡುವುದೇ ಒಬ್ಬನ ಕೆಲಸ.

ಈಗ ತಮಾಷೆ ಕೇಳಿ. ಬ್ರಿಟನ್ ಹೊರಬಂದ ಮೇಲೆ ತನ್ನದೇ ಪಟ್ಟಿ ಮಾಡಿಕೊಂಡಿತು. ಯುರೋಪಿನಲ್ಲಿ ಫೈಟೋ ಬೇಡ ಅಂತ ಬಿಟ್ಟಿರುವುದು ಐದೇ ಹಣ್ಣು: ಅನಾನಸು, ತೆಂಗಿನಕಾಯಿ, ಡುರಿಯನ್, ಬಾಳೆ, ಖರ್ಜೂರ. ಬ್ರಿಟನ್ ತನ್ನ ಪಟ್ಟಿಯಲ್ಲಿ ಮಾವನ್ನೂ ಸೇರಿಸಿತು, ಪೇರಳೆಯನ್ನೂ ಸೇರಿಸಿತು. ನಮ್ಮ ಕರಿಬೇವಿಗೂ ಬೇಡ ಅಂದಿತು. ಅಂದರೆ ಯಾವ ಹಣ್ಣಿಗಾಗಿ 28 ದೇಶ ಬಾಗಿಲು ಮುಚ್ಚಿದ್ದವೋ ಅದೇ ಹಣ್ಣು ಈಗ ಫೈಟೋ ಇಲ್ಲದೆ ಗ್ರೇಟ್ ಬ್ರಿಟನ್ನಿಗೆ ಹೋಗುತ್ತದೆ. ಆಂಸ್ಟರ್‌ಡ್ಯಾಮಿಗೆ ಹೋಗುವ ಪೆಟ್ಟಿಗೆಗೆ ಬೇಕು, ಲಂಡನ್ನಿಗೆ ಹೋಗುವುದಕ್ಕೆ ಬೇಡ. ನನ್ನ ಟೇಬಲ್ಲಿನ ಮೇಲೆ ಮೊದಲು ಯುರೋಪ್ ಅಂತ ಒಂದೇ ಫೈಲ್ ಇತ್ತು. ಈಗ ಎರಡು. ಕೆಲಸ ಜಾಸ್ತಿಯಾಯಿತು ಅಂತ ಗೊಣಗುತ್ತೇನೆ. ಆದರೆ ಲಂಡನ್ ಫೈಲ್ ತೆಳ್ಳಗಾಗಿದೆ ಅನ್ನುವುದನ್ನೂ ಒಪ್ಪಬೇಕು. ಬ್ರೆಕ್ಸಿಟ್ಟಿನಿಂದ ಏನೂ ಲಾಭ ಆಗಿಲ್ಲ ಅನ್ನುವವರಿಗೆ ನಾನು ಈ ಫೈಲ್ ತೋರಿಸುತ್ತೇನೆ.

ಎಳ್ಳಿನ ಕಥೆ ಇದಕ್ಕೆ ತಿರುಗು. 2020ರ ಸೆಪ್ಟೆಂಬರಿನಲ್ಲಿ ಬೆಲ್ಜಿಯಮ್ಮಿನವರಿಗೆ ನಮ್ಮ ದೇಶದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಸಿಕ್ಕಿತು. ಸಾಲ್ಮೊನೆಲ್ಲಾ ಸಾಯಲಿ ಅಂತ ಹೊಡೆಯುವ ಅನಿಲ. ಎಳ್ಳಿಗೆ ಯುರೋಪಿನ ಮಿತಿ ಕಿಲೋಗೆ 0.05 ಮಿಲಿಗ್ರಾಂ. ಬೆಲ್ಜಿಯಂ ಅದನ್ನು ರ‍್ಯಾಸ್ಫ್ ಅನ್ನುವ ಆಹಾರ ಎಚ್ಚರಿಕೆಯ ಜಾಲಕ್ಕೆ ಹಾಕಿತು. ಒಂದು ದೇಶ ಅದರಲ್ಲಿ ಕೂಗಿದರೆ ಎಲ್ಲ ದೇಶಕ್ಕೂ ಕೇಳಿಸುತ್ತದೆ, ಯಾವ ಲಾಟ್, ಯಾರು ಕೊಂಡರು, ಎಲ್ಲೆಲ್ಲಿ ಹೋಗಿದೆ ಎಲ್ಲ ಸಮೇತ. ಬ್ರೆಡ್ಡು, ಬಿಸ್ಕಿಟ್ಟು ಅಂತ ದೇಶದಿಂದ ದೇಶಕ್ಕೆ ವಾಪಸ್ ಕರೆಸಿಕೊಂಡರು. ಅಕ್ಟೋಬರಿಗೆಲ್ಲ ಹೊಸ ನಿಯಮ: ಭಾರತದ ಎಳ್ಳು ಬಂದರೆ ಎರಡು ಕನ್ಸೈನ್‌ಮೆಂಟಿಗೆ ಒಂದನ್ನು ತಪಾಸಣೆ ಮಾಡಿ. ನಮ್ಮ ಪಾರ್ಟಿಗಳು ಆ ವರ್ಷ ಎಳ್ಳು ಅಂದರೆ ಎಳ್ಳುನೀರು ಬಿಟ್ಟ ಹಾಗೆ ಕೈ ತೊಳೆದುಕೊಂಡರು.

ಆಗ ಬ್ರಿಟನ್ ಇನ್ನೂ ಆ ಜಾಲದ ಒಳಗಿತ್ತು. ಮೂರು ತಿಂಗಳ ನಂತರ ಇರಲಿಲ್ಲ. ಈಗ ತನಗೆ ಸಂಬಂಧಪಟ್ಟ ಮಾಲಿನ ಸುದ್ದಿ ಮಾತ್ರ ಹೊರಗಿನ ದೇಶಕ್ಕೆ ತಿಳಿಸಿದ ಹಾಗೆ ತಿಳಿಸುತ್ತಾರೆ. ಆಟಿಕೆ, ಚಾರ್ಜರ್, ಮಗುವಿನ ಸಾಮಾನಿಗೆ ‘ಸೇಫ್ಟಿ ಗೇಟ್’ ಅಂತ ಬೇರೆ ಜಾಲ ಇದೆ, ಅದರ ಒಳಮನೆಗೂ ಪ್ರವೇಶ ಇಲ್ಲ. ಜಗಲಿಯಲ್ಲಿ ನಿಂತು ಎಲ್ಲರಿಗೂ ಕಾಣುವ ಪಟ್ಟಿ ಓದಬಹುದು. ತಂಗಿಯ ತೊಟ್ಟಿಲಿನ ಕೊಂಡಿ ಸೀಳಿದ ದೂರು ಜರ್ಮನಿಯಲ್ಲೋ ಪೋಲೆಂಡಿನಲ್ಲೋ ಮೊದಲೇ ಬಂದಿದ್ದರೆ, ಅಲ್ಲಿಯ ಅಧಿಕಾರಿ ಲೆಸ್ಟರಿನ ಅಧಿಕಾರಿಗೆ ಆ ಜಾಲದ ಒಳಗಿನಿಂದಲೇ ಹೇಳುವ ದಾರಿ ಈಗ ಇಲ್ಲ. ನನಗೆ ಹೆದರಿಕೆ ಆಗುವುದು ಇಲ್ಲಿ. ವ್ಯಾಟ್, ಹ್ಯಾಂಡ್ಲಿಂಗ್ ಚಾರ್ಜು ಎಲ್ಲ ಕಿರಿಕಿರಿ. ಇದು ಕಿರಿಕಿರಿ ಅಲ್ಲ.

ಮಾರ್ಕಿನ ಗೊಂದಲ ಬೇರೆ. ಪುಣೆಯ ಭೋಸರಿಯಲ್ಲಿ ನನ್ನ ಗೆಳೆಯನೊಬ್ಬನ ಸಣ್ಣ ಕಾರ್ಖಾನೆ ಇದೆ, ನೀರಿನ ಪಂಪ್ ಮಾಡುತ್ತಾನೆ, ಹಾವೇರಿ ಕಡೆಯವನು. ಯುರೋಪಿಗೆ ಮಾಲು ಹೋಗಬೇಕಾದರೆ ಸಿಇ ಮಾರ್ಕು ಬೇಕು, ಅಂದರೆ ಮಾಲು ಅಲ್ಲಿಯ ಸುರಕ್ಷತೆಯ ನಿಯಮಕ್ಕೆ ತಕ್ಕ ಹಾಗಿದೆ ಅನ್ನುವ ಗುರುತು. ಅದು ಅವನ ಹತ್ತಿರ ಇತ್ತು. ಬ್ರಿಟನ್ 2021ರ ಜನವರಿ 1ರಿಂದ ತನ್ನದೇ ಯುಕೆಸಿಎ ಮಾರ್ಕು ತಂದಿತು. ಒಂದು ವರ್ಷ ಟೈಮ್ ಅಂದರು. ಇವನು ಹೊಸ ಡೈ ಮಾಡಿಸಿ, ನೇಮ್‌ಪ್ಲೇಟ್ ಕೊರೆಸಿ, ಹೊಸ ಡಬ್ಬ ಅಚ್ಚು ಹಾಕಿಸಿದ. ಆಮೇಲೆ ಗಡುವು 2023ಕ್ಕೆ ಹೋಯಿತು. ಆಮೇಲೆ 2024ರ ಕೊನೆಗೆ. 2023ರ ಆಗಸ್ಟಿನಲ್ಲಿ, ಬಹಳಷ್ಟು ಮಾಲಿಗೆ ಸಿಇ ಮಾರ್ಕೇ ಸಾಕು, ಗಡುವೇ ಇಲ್ಲ ಅಂದರು. ಪಂಪು ಅದೇ ಪಂಪು. ಪರೀಕ್ಷೆಯೂ ಹೆಚ್ಚುಕಡಿಮೆ ಅದೇ. ಫೋನ್ ಮಾಡಿದಾಗ ಅವನು ಬೈಯಲಿಲ್ಲ, ನಕ್ಕ. ‘ಆ ಡಬ್ಬಾ ಇನ್ನೂ ಒಂಬೈನೂರು ಉಳದಾವ ಮಾರಾಯಾ, ಮಕ್ಕಳ ಪುಸ್ತಕಕ್ಕ ರಟ್ಟು ಹಾಕಾಕ ಬರ್ತಾವ’ ಅಂದ.

ಸಣ್ಣಪುಟ್ಟದ್ದೂ ಇದೆ. ಭಾವ ಪ್ಯಾರಿಸಿಗೆ ಹೋದಾಗ ಫೋನಿಗೆ ದಿನಕ್ಕೆ ಎರಡು ಪೌಂಡ್ ಚಿಲ್ಲರೆ ರೋಮಿಂಗ್ ಬಿತ್ತು. 2017ರ ಜೂನ್‌ನಿಂದ ಯುರೋಪಿನೊಳಗೆ ಅದು ಫ್ರೀ, ಬ್ರಿಟನ್ ಹೊರಬಂದ ಮೇಲೆ ಅಲ್ಲಿಯ ಹಲವು ಕಂಪನಿಗಳು ಮತ್ತೆ ಹಾಕತೊಡಗಿದವು. ಕಾರ್ಡಿನದು ಇನ್ನೂ ಗುಟ್ಟಿನ ವಿಷಯ. ಯುರೋಪಿನೊಳಗೆ ಕಾರ್ಡ್ ಶುಲ್ಕಕ್ಕೆ ಡೆಬಿಟ್ಟಿಗೆ ಶೇ 0.2, ಕ್ರೆಡಿಟ್ಟಿಗೆ ಶೇ 0.3 ಮಿತಿ ಇದೆ. ಬ್ರಿಟನ್ ಮತ್ತು ಯುರೋಪಿನ ನಡುವಿನ ಆನ್‌ಲೈನ್ ಖರೀದಿಗೆ ಆ ಮಿತಿ ಹೋದದ್ದೇ ತಡ, ಎರಡು ದೊಡ್ಡ ಕಾರ್ಡ್ ಕಂಪನಿಗಳೂ 1.15 ಮತ್ತು 1.5ಕ್ಕೆ ಏರಿಸಿದವು. ಐದು ಪಟ್ಟು, ಡೆಬಿಟ್ಟಿಗೆ ಅದಕ್ಕೂ ಜಾಸ್ತಿ. ಬ್ರಿಟನ್ನಿನ ನಿಯಂತ್ರಕರೇ ಇದು ಅನ್ಯಾಯ ಅಂತ 2024ರ ಡಿಸೆಂಬರಿನಲ್ಲಿ ವರದಿ ಕೊಟ್ಟರು. ಇದು ಬಿಲ್ಲಿನಲ್ಲಿ ಕಾಣುವುದಿಲ್ಲ. ಅಂಗಡಿಯವನು ಕೊಡುತ್ತಾನೆ, ಬೆಲೆಯಲ್ಲಿ ಸೇರಿಸುತ್ತಾನೆ, ನಾವು ಕೊಡುತ್ತೇವೆ.

ಹಾಗಂತ ಬ್ರಿಟನ್ ಸುಮ್ಮನೆ ಕೂತಿಲ್ಲ. ಪರಿವರ್ತನೆಯ ಅವಧಿ ಮುಗಿದ ಮರುದಿನವೇ, ಅಂದರೆ 2021ರ ಜನವರಿ 1ಕ್ಕೆ, ಸ್ಯಾನಿಟರಿ ಪ್ಯಾಡಿನ ಮೇಲಿದ್ದ ಶೇ 5 ವ್ಯಾಟ್ ತೆಗೆದು ಹಾಕಿತು. ಒಳಗಿದ್ದಾಗ ಅದಕ್ಕಿಂತ ಇಳಿಸಲು ಬಿಡುತ್ತಿರಲಿಲ್ಲ. ನಮ್ಮಲ್ಲಿ 2018ರ ಜುಲೈಯಲ್ಲೇ ಜಿಎಸ್‌ಟಿ ತೆಗೆದಿದ್ದರು ಅನ್ನುವುದನ್ನು ತಂಗಿಗೆ ಹೆಮ್ಮೆಯಿಂದ ಹೇಳಿಕೊಂಡೆ. ಮನೆಯ ಸ್ಮಾರ್ಟ್ ಕ್ಯಾಮೆರಾ, ಬೇಬಿ ಮಾನಿಟರಿಗೆ ಊಹಿಸಲು ಸುಲಭವಾದ ರೆಡಿಮೇಡ್ ಪಾಸ್‌ವರ್ಡ್ ಹಾಕಿ ಮಾರಬಾರದು ಅಂತ 2024ರ ಏಪ್ರಿಲ್‌ನಿಂದ ಕಾನೂನು ಮಾಡಿತು. 2025ರ ಏಪ್ರಿಲ್‌ನಿಂದ ಅಲ್ಲಿಯ ಸ್ಪರ್ಧಾ ಪ್ರಾಧಿಕಾರ ಗ್ರಾಹಕರಿಗೆ ಮೋಸ ಮಾಡಿದ ಕಂಪನಿಗೆ ಕೋರ್ಟಿಗೆ ಹೋಗದೆ ತಾನೇ ದಂಡ ಹಾಕಬಹುದು, ಅದೂ ಜಗತ್ತಿನಾದ್ಯಂತದ ವಹಿವಾಟಿನ ಶೇ 10ರವರೆಗೆ. ಒಳ್ಳೆಯ ಕಾನೂನೇ. ಆದರೆ ಜರ್ಮನಿಯ ಮೂಲೆಯ ಆ ಸಣ್ಣ ಅಂಗಡಿಗೆ ಅದು ಯಾವ ಲೆಕ್ಕ?

2025ರ ಮೇ 19ರಂದು ಲಂಡನ್ನಿನಲ್ಲಿ ಎರಡೂ ಕಡೆಯವರು ಕೂತು, ಆಹಾರ ಮತ್ತು ಗಿಡಗಳ ನಿಯಮದಲ್ಲಿ ಮತ್ತೆ ಒಂದಾಗೋಣ ಅಂತ ಮಾತಾಡಿಕೊಂಡರು. ಯುರೋಪ್ ನಿಯಮ ಬದಲಿಸಿದರೆ ಬ್ರಿಟನ್ನೂ ಬದಲಿಸಬೇಕು. ಆದರೆ ಮತ ಹಾಕುವ ಹಕ್ಕಿಲ್ಲ. ಪಂಕ್ತಿಯಿಂದ ಎದ್ದು ಹೋದವರು ಮತ್ತೆ ಬಂದು ಕೂತರೆ ಊಟ ಸಿಗುತ್ತದೆ, ಅಡುಗೆಮನೆಯಲ್ಲಿ ಮಾತು ನಡೆಯುವುದಿಲ್ಲ. ತಂಗಿಗೆ ಇದು ಒಳ್ಳೆಯ ಸುದ್ದಿ, ಮೊಸರಿನ ಮೇಲಿನ ಆ ಚೀಟಿ ಹೋದರೂ ಹೋಗಬಹುದು. ನನಗೆ ಅಷ್ಟು ಒಳ್ಳೆಯದಲ್ಲ. ಗಿಡಗಳ ನಿಯಮ ಒಂದಾದರೆ ಫೈಟೋ ಬೇಡ ಅನ್ನುವ ಪಟ್ಟಿಯೂ ಒಂದಾಗಬೇಕಲ್ವಾ? ಆಗ ಮಾವು, ಕರಿಬೇವು ಮತ್ತೆ ಹಳೆಯ ಫೈಲಿಗೆ. ನಮ್ಮ ಪಾರ್ಟಿ ಇದನ್ನು ಕೇಳಿ ‘ಅಭೀ ಸೀಸನ್ ತೋ ನಿಕಾಲೋ’ ಅಂದು ಚಹಾ ಹೇಳಿದರು.

ತೊಟ್ಟಿಲಿನ ವಿಷಯ ಮುಗಿಸುತ್ತೇನೆ. ಎಲ್ಲ ದಾರಿ ಮುಚ್ಚಿದೆ ಅಂತ ಅವಳು ಕೈಬಿಟ್ಟ ಮೇಲೆ ಒಂದು ಭಾನುವಾರ ಮಾತಾಡುವಾಗ ನಾನು ಕೇಳಿದೆ, ‘ದುಡ್ಡು ಹೇಗೆ ಕೊಟ್ಟದ್ದು?’

‘ಕ್ರೆಡಿಟ್ ಕಾರ್ಡಲ್ಲಿ. ಯಾಕೆ?’

ಬ್ರಿಟನ್ನಿನಲ್ಲಿ 1974ರ ಒಂದು ಕಾಯಿದೆ ಇದೆ, ಕನ್ಸ್ಯೂಮರ್ ಕ್ರೆಡಿಟ್ ಆ್ಯಕ್ಟ್. ಅದರ 75ನೇ ಸೆಕ್ಷನ್ ಪ್ರಕಾರ 100 ಪೌಂಡಿಗಿಂತ ಜಾಸ್ತಿ, 30,000ದವರೆಗಿನ ಮಾಲು ಕ್ರೆಡಿಟ್ ಕಾರ್ಡಲ್ಲಿ ಕೊಂಡರೆ, ಅಂಗಡಿಯವನ ತಪ್ಪಿಗೆ ಕಾರ್ಡ್ ಕೊಟ್ಟ ಬ್ಯಾಂಕೂ ಸಮ ಹೊಣೆ. ಅಂಗಡಿ ಪರದೇಶದಲ್ಲಿದ್ದರೂ ಸರಿ. ಯುರೋಪಿಗೂ ಇದಕ್ಕೂ ಸಂಬಂಧ ಇಲ್ಲ, ಅವರ ಮನೆಯದೇ ಹಳೆಯ ಕಾನೂನು. ಡೆಬಿಟ್ ಕಾರ್ಡಲ್ಲಿ ಕೊಟ್ಟಿದ್ದರೆ ಈ ಹಕ್ಕು ಇರುತ್ತಿರಲಿಲ್ಲ. ಪಾಯಿಂಟ್ ಸಿಗುತ್ತದೆ ಅಂತ ಕ್ರೆಡಿಟ್ ಉಜ್ಜಿದ್ದಳಂತೆ, ಅದೇ ಕಾಪಾಡಿತು.

ಸೀಳಿದ ಕೊಂಡಿಯ ಫೋಟೋ, ಮೂರು ಮೇಲಿನ ಕಾಪಿ, ಬಿಲ್ಲು, ಎಲ್ಲ ಒಟ್ಟು ಮಾಡಿ ಬ್ಯಾಂಕಿಗೆ ಕೊಟ್ಟಳು. ಏಳು ವಾರ ಹಿಡಿಯಿತು. 240 ಪೌಂಡ್ ಬಂತು. ವ್ಯಾಟಿನ 48 ಬರಲಿಲ್ಲ, ಅದು ಬ್ಯಾಂಕಿನದಲ್ಲ, ಸರ್ಕಾರದ್ದು, ಅದಕ್ಕೆ ಬೇರೆ ಫಾರಂ. ಹ್ಯಾಂಡ್ಲಿಂಗಿನ 12ಕ್ಕೆ ಫಾರಮ್ಮೇ ಇಲ್ಲ. ಆ ಬೇರೆ ಫಾರಮ್ಮನ್ನು ನನಗೇ ಕಳಿಸಿದ್ದಾಳೆ, ‘ನೀನೇ ಅಲ್ವಾ ಪೇಪರ್ ಮಾಡುವವ, ತುಂಬಿ ಕಳಿಸು’ ಅಂತ. ಮಗಳು ಸದ್ಯಕ್ಕೆ ಅಮ್ಮ ಇಲ್ಲಿಂದ ಕಳಿಸಿದ ಹಳೆಯ ಸೀರೆಯ ಜೋಲಿಯಲ್ಲಿ ಮಲಗುತ್ತಾಳೆ. ಅದರ ಪಾರ್ಸಲ್ಲಿಗೆ ಕಸ್ಟಮ್ಸ್ ಡಿಕ್ಲರೇಶನ್ ಬರೆದವನೂ ನಾನೇ. ‘ಹಳೆಯ ಬಟ್ಟೆ, ಬೆಲೆ ಇಲ್ಲ’ ಅಂತ ಬರೆಯಲು ಹೋದರೆ ಪೋಸ್ಟಾಫೀಸಿನವರು ಏನಾದರೂ ಒಂದು ಬೆಲೆ ಹಾಕಲೇಬೇಕು ಅಂದರು. ಐವತ್ತು ರೂಪಾಯಿ ಹಾಕಿದೆ. ಅಮ್ಮ ಇನ್ನೂ ಸಿಟ್ಟಲ್ಲಿದ್ದಾರೆ, ಇಳಕಲ್ ಸೀರೆಗೆ ಐವತ್ತಾ ಅಂತ.